ಕರ್ನಲ್ ಗಾತ್ರ ಇಳಿಸಿದ ಮೇಲೆ ಸದ್ದು ನಿಂತಿದೆಯೇ? ಆಲ್ಸಾ ಆಯ್ಕೆಗಳ ದೋಷ ನಿವಾರಣೆ ಕೈಪಿಡಿ

ಸಣ್ಣ ಬೋರ್ಡಿಗೆ ಲಿನಕ್ಸ್ ಕರ್ನಲ್ ಕಟ್ಟುವಾಗ ಸೌಂಡ್ ಮೆನು ತೆರೆದು, ಆಲ್ಸಾದಲ್ಲಿ (ಕರ್ನಲ್‌ನ ಸದ್ದಿನ ಭಾಗ) ಬೇಡದ್ದನ್ನೆಲ್ಲ ತೆಗೆಯುವುದು ಮಾಮೂಲಿ. ಮೆಮೊರಿ ಇರುವುದೇ 64 ಎಂಬಿ ಅಂದಮೇಲೆ ಒಂದೊಂದು ಕೆಬಿಗೂ ಲೆಕ್ಕ ಇಡಬೇಕಾಗುತ್ತದೆ. ಹೊಸ ಕರ್ನಲ್ ಸಲೀಸಾಗಿ ಬೂಟ್ ಆಗುತ್ತದೆ. ಸೌಂಡ್ ಕಾರ್ಡೂ ಕಾಣುತ್ತದೆ. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜಿನಲ್ಲಿ ಒಂದು ಎರರ್ ಕೂಡ ಇಲ್ಲ. ಆದರೆ ಪ್ಲೇಯರ್ ಬಾಯಿ ಬಿಡುವುದಿಲ್ಲ.

ಈ ಜಾತಿಯ ದೋಷದಲ್ಲಿ ಕತ್ತರಿ ಬಿದ್ದದ್ದು ಕರ್ನಲ್ಲಿಗೆ, ಕೂಗುವುದು ಅದರ ಮೇಲಿರುವ, ಪ್ರೋಗ್ರಾಂಗಳು ಬಳಸುವ ಆಲ್ಸಾ ಲೈಬ್ರರಿ. ಕರ್ನಲ್ ಲೆಕ್ಕದಲ್ಲಿ ತಪ್ಪೇನೂ ಆಗಿಲ್ಲ. ನೀವು ಬೇಡ ಅಂದದ್ದನ್ನು ಅದು ಕೊಟ್ಟಿಲ್ಲ, ಅಷ್ಟೇ. ಹಾಗಾಗಿ ಡಿಮೆಸೇಜ್ ಮುಂದೆಯೇ ಗಂಟೆಗಟ್ಟಲೆ ಕೂತರೆ ಏನೂ ಸಿಗುವುದಿಲ್ಲ.

ಓದುವ ಮೊದಲು ಒಂದು ಮಾತು. ಆಯ್ಕೆಗಳ ಹೆಸರನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಕಾನ್ಫಿಗ್ ಫೈಲಿನಲ್ಲಿ ಅವುಗಳ ಮುಂದೆ ‘ಕಾನ್ಫಿಗ್’ ಸೇರಿರುತ್ತದೆ, ನಡುವೆ ಅಂಡರ್‌ಸ್ಕೋರ್ ಇರುತ್ತದೆ.

ಕೆಳಗಿನಿಂದ ಶುರು ಮಾಡಿ

ಪಲ್ಸ್‌ಆಡಿಯೋ, ಪೈಪ್‌ವೈರ್ ಎಂಬ ಸೌಂಡ್ ಸರ್ವರ್‌ಗಳು, ಸದ್ದು ಮಾಡುವ ಬೇರೆ ಪ್ರೋಗ್ರಾಂ ಏನೇ ಓಡುತ್ತಿದ್ದರೂ ಎಲ್ಲ ನಿಲ್ಲಿಸಿ. ಆಮೇಲೆ /ಪ್ರಾಕ್/ಎಸೌಂಡ್/ಕಾರ್ಡ್ಸ್ ಫೈಲನ್ನು ಕ್ಯಾಟ್ ಮಾಡಿ. ಕಾರ್ಡಿನ ಹೆಸರು ಅಲ್ಲಿಲ್ಲದಿದ್ದರೆ ಡ್ರೈವರೇ ಬಂದಿಲ್ಲ ಅಂತ. ಅದರ ಮಾತು ಮುಂದೆ ಇದೆ. ಹೆಸರು ಇದ್ದರೆ 48000 ಹರ್ಟ್ಸ್, 16 ಬಿಟ್, ಸ್ಟೀರಿಯೋ ವೇವ್ ಫೈಲ್ ಒಂದನ್ನು ಎಪ್ಲೇ ಕಮಾಂಡಿಗೆ ಕೊಟ್ಟು ಮೂರು ಡಿವೈಸ್‌ಗಳಲ್ಲಿ ನುಡಿಸಿ ನೋಡಿ. ಮೊದಲು ‘ಎಚ್‌ಡಬ್ಲ್ಯೂ:0,0’, ನಂತರ ‘ಪ್ಲಗ್‌ಎಚ್‌ಡಬ್ಲ್ಯೂ:0,0’, ಕೊನೆಗೆ ‘ಡಿಫಾಲ್ಟ್’. ಡ್ಯಾಶ್ ದೊಡ್ಡ ಡಿ ಹಾಕಿ ಡಿವೈಸ್ ಹೆಸರು ಕೊಟ್ಟರೆ ಸಾಕು.

ಮೊದಲನೆಯದು ಕಾರ್ಡಿನ ಜೊತೆ ನೇರ ಮಾತು, ನಡುವೆ ಯಾರೂ ಇಲ್ಲ. ಎರಡನೆಯದರಲ್ಲಿ ಲೈಬ್ರರಿ ರೇಟ್, ಫಾರ್ಮ್ಯಾಟ್, ಚಾನೆಲ್ ಬದಲಾಯಿಸಿ ಕೊಡುತ್ತದೆ. ಮೂರನೆಯದು ಸೌಂಡ್ ಸರ್ವರ್ ಇಲ್ಲದ ಎಷ್ಟೋ ಸಿಸ್ಟಂಗಳಲ್ಲಿ ಡಿಮಿಕ್ಸ್ ಮೂಲಕ ಹೋಗುತ್ತದೆ. ಒಂದೇ ಕಾರ್ಡಿಗೆ ನಾಲ್ಕು ಪ್ರೋಗ್ರಾಂಗಳು ಒಟ್ಟಿಗೆ ಸದ್ದು ಕಳಿಸಿದರೆ ಅದನ್ನೆಲ್ಲ ಬೆರೆಸುವ ಪ್ಲಗಿನ್ ಇದು.

ಎಚ್‌ಡಬ್ಲ್ಯೂ ಮಾತ್ರ ಫಾರ್ಮ್ಯಾಟ್ ಇಲ್ಲ, ಚಾನೆಲ್ ಇಲ್ಲ ಅಂತ ದೂರಿ, ಪ್ಲಗ್‌ಎಚ್‌ಡಬ್ಲ್ಯೂ ನುಡಿದರೆ ಕರ್ನಲ್ ಸರಿ ಇದೆ, ಫೈಲ್ ಕಾರ್ಡಿಗೆ ಒಗ್ಗುತ್ತಿಲ್ಲ. ‘ಡಿವೈಸ್ ಆರ್ ರಿಸೋರ್ಸ್ ಬಿಸಿ’ ಅಂದರೆ ಯಾರೋ ಕಾರ್ಡನ್ನು ಹಿಡಿದು ಕೂತಿದ್ದಾರೆ. ಫ್ಯೂಸರ್ ಕಮಾಂಡನ್ನು /ಡೆವ್/ಎಸ್‌ಎನ್‌ಡಿ ಒಳಗಿನ ಫೈಲುಗಳ ಮೇಲೆ ಓಡಿಸಿದರೆ ಯಾರು ಅಂತ ತಿಳಿಯುತ್ತದೆ. ಮೊದಲ ಎರಡೂ ಚೆನ್ನಾಗಿ ನುಡಿದು ಡಿಫಾಲ್ಟ್ ಒಂದೇ ಮುಗ್ಗರಿಸಿತಾ? ಹಾಗಿದ್ದರೆ ನೀವು ತೆಗೆದದ್ದು ಡಿಮಿಕ್ಸಿಗೆ ಬೇಕಾದ ಏನನ್ನೋ.

ಪಿಸಿಎಂ ಟೈಮರ್ ಹೋದಾಗ

ಸೌಂಡ್ ಮೆನುವಿನಲ್ಲಿ ಜನ ಜಾಸ್ತಿ ಮೋಸ ಹೋಗುವುದು ‘ಎಸ್‌ಎನ್‌ಡಿ ಪಿಸಿಎಂ ಟೈಮರ್’ ಆಯ್ಕೆಯಲ್ಲಿ. 2015ರವರೆಗೆ ಈ ಟೈಮರ್ ಆಲ್ಸಾದ ಪಿಸಿಎಂ ಭಾಗಕ್ಕೆ, ಅಂದರೆ ಡಿಜಿಟಲ್ ಸದ್ದನ್ನು ನುಡಿಸುವ, ರೆಕಾರ್ಡ್ ಮಾಡುವ ಭಾಗಕ್ಕೆ, ಅಂಟಿಕೊಂಡೇ ಇತ್ತು. ಎಂಬೆಡೆಡ್ ಸಾಧನಗಳಿಗೆ ಮೆಮೊರಿ ಉಳಿಸಲು ಅಂತ ಆಗ ಅದನ್ನು ಬೇಕಾದರೆ ಇಡುವ, ಬೇಡವಾದರೆ ಬಿಡುವ ಆಯ್ಕೆ ಮಾಡಿದರು. ಎಕ್ಸ್86-64ರಲ್ಲಿ ಸುಮಾರು 20 ಕೆಬಿ ಉಳಿಯುತ್ತದೆ ಅಂತ ಅದರ ಹೆಲ್ಪಿನಲ್ಲೇ ಬರೆದಿದೆ. ಡಿಮಿಕ್ಸ್, ಡಿಸ್ನೂಪ್ (ರೆಕಾರ್ಡಿಂಗನ್ನು ಹಲವು ಪ್ರೋಗ್ರಾಂಗಳಿಗೆ ಹಂಚುವ ಪ್ಲಗಿನ್) ಮುಂತಾದವು ಸರಿಯಾಗಿ ಕೆಲಸ ಮಾಡದೆ ಇರಬಹುದು ಅನ್ನುವ ಎಚ್ಚರಿಕೆಯೂ ಅಲ್ಲೇ ಇದೆ. ಆದರೆ 20 ಕೆಬಿ ಕಂಡ ಕಣ್ಣಿಗೆ ಆ ಸಾಲು ಕಾಣಬೇಕಲ್ಲ!

ಡಿಮಿಕ್ಸಿಗೆ ಟೈಮರ್ ಯಾಕೆ ಬೇಕು? ಕಾರ್ಡಿನ ಬಫರ್ ಒಂದೇ, ಅದಕ್ಕೆ ಬರೆಯುವವರು ಹಲವರು. ಕಾರ್ಡ್ ಒಂದು ಪೀರಿಯಡ್ (ಬಫರಿನ ಒಂದು ತುಂಡು) ನುಡಿಸಿ ಮುಗಿಸಿದಾಗಲೆಲ್ಲ ಇವರೆಲ್ಲರೂ ಎಚ್ಚರಗೊಂಡು ಮುಂದಿನ ತುಂಡು ಬರೆಯಬೇಕು. ಪಿಸಿಎಂ ಟೈಮರ್ ಸ್ವಂತವಾಗಿ ಓಡುವ ಗಡಿಯಾರವಲ್ಲ. ಕಾರ್ಡಿನ ಪೀರಿಯಡ್ ಇಂಟರಪ್ಟ್ ಬಂದಾಗ ಒಮ್ಮೆ ಟಿಕ್ ಅನ್ನುತ್ತದೆ. ಡಿಮಿಕ್ಸ್ ಕಾಯುತ್ತಾ ಕೂರುವುದು ಇದೇ ಟಿಕ್‌ಗಾಗಿ. ಟೈಮರ್ ಇಲ್ಲ ಅಂದರೆ ಎಬ್ಬಿಸುವವರು ಯಾರು? ಡಿಮಿಕ್ಸ್ ಓಪನ್ ಆಗುವುದೇ ಇಲ್ಲ.

ಖಚಿತ ಮಾಡಿಕೊಳ್ಳಲು /ಪ್ರಾಕ್/ಎಸೌಂಡ್/ಟೈಮರ್ಸ್ ಫೈಲ್ ನೋಡಿ. ಟೈಮರ್ ಇರುವ ಕರ್ನಲ್‌ನಲ್ಲಿ ಅದು ಹೆಚ್ಚುಕಮ್ಮಿ ಹೀಗಿರುತ್ತದೆ:

ಜಿ0: ಸಿಸ್ಟಂ ಟೈಮರ್ : 4000.000ಯುಎಸ್ (10000000 ಟಿಕ್ಸ್)
ಪಿ0-0-0: ಪಿಸಿಎಂ ಪ್ಲೇಬ್ಯಾಕ್ 0-0-0 : ಸ್ಲೇವ್
ಪಿ0-0-1: ಪಿಸಿಎಂ ಕ್ಯಾಪ್ಚರ್ 0-0-1 : ಸ್ಲೇವ್

4000 ಮೈಕ್ರೋಸೆಕೆಂಡ್ ಅಂದರೆ ಕರ್ನಲ್ 250 ಹರ್ಟ್ಸ್‌ನಲ್ಲಿ ಓಡುತ್ತಿದೆ. ಅದು ನಮಗೆ ಮುಖ್ಯವಲ್ಲ. ಪಿ ಅಕ್ಷರದಿಂದ ಶುರುವಾಗುವ ಸಾಲುಗಳನ್ನು ಹುಡುಕಿ. ಡಿಮಿಕ್ಸ್ ಮೂಲಕ ಏನಾದರೂ ನುಡಿಯುತ್ತಿರುವಾಗ ನೋಡಿದರೆ ಪಿ ಸಾಲಿನ ಕೆಳಗೆ ‘ಕ್ಲೈಂಟ್ ಅಪ್ಲಿಕೇಶನ್’ ಅಂತ ಒಂದು ಸಾಲು, ಪಕ್ಕದಲ್ಲಿ ಆ ಪ್ರೋಗ್ರಾಂನ ಪಿಐಡಿ (ಪ್ರೋಸೆಸ್ ಸಂಖ್ಯೆ), ಅದು ಓಡುತ್ತಿದೆಯೋ ನಿಂತಿದೆಯೋ ಎಂಬುದೂ ಕಾಣುತ್ತದೆ. ಯಾರು ಟಿಕ್ ಕಾಯುತ್ತಿದ್ದಾರೆ ಅಂತ ಕಣ್ಣಾರೆ ನೋಡಿದ ಹಾಗೆ.

ಜಿ ಸಾಲುಗಳಿದ್ದು ಪಿ ಸಾಲು ಒಂದೂ ಇಲ್ಲವೆಂದರೆ ಕಾರಣ ಸಿಕ್ಕಿತು. ಟೈಮರ್ಸ್ ಫೈಲೇ ಇಲ್ಲದೆಯೂ ಇರಬಹುದು. ಪಿಸಿಎಂ ಭಾಗ ಸಾಮಾನ್ಯ ಟೈಮರ್ ಕೋಡನ್ನು ಜೊತೆಗೆ ಎಳೆದು ತರುವುದು ಈ ಆಯ್ಕೆ ಆನ್ ಇದ್ದಾಗ ಮಾತ್ರ. ಮಿಡಿ ಸಂಗೀತಕ್ಕೆ ಬೇಕಾದ ಸೀಕ್ವೆನ್ಸರ್, ಸೂಕ್ಷ್ಮ ಸಮಯ ಅಳೆಯುವ ಎಚ್‌ಆರ್ ಟೈಮರ್ ಎರಡನ್ನೂ ತೆಗೆದಿದ್ದರೆ ಟೈಮರ್ ಬೇಕು ಅನ್ನುವವರು ಬಹುಪಾಲು ಯಾರೂ ಉಳಿದಿರುವುದಿಲ್ಲ. ಆಗ /ಡೆವ್/ಎಸ್‌ಎನ್‌ಡಿ/ಟೈಮರ್ ಕೂಡ ಮಾಯ.

ಲೈಬ್ರರಿ ಕೊಡುವ ಎರರ್ ಕೂಡ ಇದನ್ನೇ ಹೇಳುತ್ತದೆ: ‘ಅನೇಬಲ್ ಟು ಓಪನ್ ಟೈಮರ್’, ಪಕ್ಕದಲ್ಲಿ ‘ಕ್ಲಾಸ್=3’ ಇರುವ ಒಂದು ಉದ್ದ ಹೆಸರು. ಆ 3 ಅಂದರೆ ಪಿಸಿಎಂ ವರ್ಗದ ಟೈಮರ್. ತೊಂದರೆ ಏನೆಂದರೆ, ಎಷ್ಟೋ ಪ್ಲೇಯರ್‌ಗಳು ಈ ಸಾಲನ್ನು ನುಂಗಿ ‘ಆಡಿಯೋ ಡಿವೈಸ್ ಸಿಗಲಿಲ್ಲ’ ಅಂತ ಮಾತ್ರ ತೋರಿಸುತ್ತವೆ. ಅದಕ್ಕೇ ಪರೀಕ್ಷೆಗೆ ಎಪ್ಲೇ ಬಳಸಿ ಅಂದದ್ದು.

ಪರಿಹಾರ ಸರಳ. ಆಯ್ಕೆಯನ್ನು ಆನ್ ಮಾಡಿ ಮತ್ತೆ ಕಟ್ಟಿ. ‘ಡಿಮಿಕ್ಸ್ ಬದಲು ಪಲ್ಸ್‌ಆಡಿಯೋ ಹಾಕುತ್ತೇನೆ’ ಅನ್ನುವವರಿದ್ದಾರೆ. ಕೆಲಸವೇನೋ ಆಗುತ್ತದೆ, ಯಾಕೆಂದರೆ ಪಲ್ಸ್‌ಆಡಿಯೋ ಕಾರ್ಡನ್ನು ನೇರವಾಗಿ ತೆರೆಯುತ್ತದೆ, ಪಿಸಿಎಂ ಟೈಮರ್ ಕೇಳುವುದಿಲ್ಲ. ಆದರೆ ಕರ್ನಲ್ಲಿನಲ್ಲಿ 20 ಕೆಬಿ ಉಳಿಸಲು ಮೇಲೆ ಅದರ ಎಷ್ಟೋ ಪಟ್ಟು ತಿನ್ನುವ ಸರ್ವರ್ ಕೂರಿಸುವುದು ಯಾವ ಲೆಕ್ಕ? ಬೋರ್ಡಿನಲ್ಲಿ ಸದ್ದು ಮಾಡುವುದು ಒಂದೇ ಪ್ರೋಗ್ರಾಂ, ಅದೂ ನೇರ ಎಚ್‌ಡಬ್ಲ್ಯೂ ಡಿವೈಸಿಗೆ ಬರೆಯುತ್ತದೆ ಅಂದರೆ ಮಾತ್ರ ಟೈಮರನ್ನು ಧೈರ್ಯವಾಗಿ ತೆಗೆಯಿರಿ.

ಸೌಂಡ್ ಮೆನುವಿನಲ್ಲೇ ಇಲ್ಲದ ಕಾರಣ

ಪಿ ಸಾಲುಗಳು ಸರಿಯಾಗಿವೆ, ಆದರೂ ಡಿಮಿಕ್ಸ್ ಏಳುತ್ತಿಲ್ಲ. ಎರರ್‌ನಲ್ಲಿ ‘ಐಪಿಸಿ ಸೆಮಫೋರ್’ ಅಥವಾ ‘ಐಪಿಸಿ ಎಸ್‌ಎಚ್‌ಎಂ’ ಅಂತ ಇದೆಯಾ? ಹಾಗಿದ್ದರೆ ಹೋಗಿರುವುದು ‘ಎಸ್‌ವೈಎಸ್‌ವಿ ಐಪಿಸಿ’. ಡಿಮಿಕ್ಸ್ ಬಳಸುವ ಪ್ರೋಗ್ರಾಂಗಳು ತಮ್ಮ ನಡುವೆ ಬಫರ್ ಹಂಚಿಕೊಳ್ಳುವುದು ಸಿಸ್ಟಂ ಫೈವ್ ಶೇರ್ಡ್ ಮೆಮೊರಿ, ಸೆಮಫೋರ್‌ಗಳ ಮೂಲಕ. ಆ ಆಯ್ಕೆ ಇರುವುದು ಜನರಲ್ ಸೆಟಪ್ ಮೆನುವಿನಲ್ಲಿ. ಅತಿ ಚಿಕ್ಕ ಕಾನ್ಫಿಗ್ ಆದ ಟೈನಿಕಾನ್ಫಿಗ್‌ನಿಂದ ಶುರು ಮಾಡಿ ಒಂದೊಂದಾಗಿ ಸೇರಿಸುತ್ತಾ ಬಂದವರಿಗೆ ಇದು ಆಫ್ ಆಗಿಯೇ ಇರುತ್ತದೆ. ಸೌಂಡ್ ಮೆನುವನ್ನು ಎಷ್ಟು ಜಾಲಾಡಿದರೂ ಸಿಗುವುದಿಲ್ಲ.

ಹಳೆಯ ಕಾನ್ಫಿಗ್, ಹೊಸ ಕಾನ್ಫಿಗ್

ಕೆಲಸ ಮಾಡುತ್ತಿದ್ದ ಕರ್ನಲ್‌ನ ಕಾನ್ಫಿಗ್ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಕರ್ನಲ್ ಸೋರ್ಸಿನ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ಡಿಫ್‌ಕಾನ್ಫಿಗ್ ಇದೆ. ಎರಡು ಫೈಲ್ ಕೊಟ್ಟರೆ ‘ಎಸ್‌ಎನ್‌ಡಿ ಪಿಸಿಎಂ ಟೈಮರ್ ವೈ -> ಎನ್’ ಅಂತ ಬದಲಾದವನ್ನು ಮಾತ್ರ ತೋರಿಸುತ್ತದೆ. ವೈ ಅಂದರೆ ಕರ್ನಲ್ಲಿನೊಳಗೇ, ಎಂ ಅಂದರೆ ಬೇಕಾದಾಗ ಲೋಡ್ ಮಾಡುವ ಮಾಡ್ಯೂಲ್, ಎನ್ ಅಂದರೆ ಬೇಡ. ಮಾಮೂಲಿ ಡಿಫ್‌ಗಿಂತ ಇದೇ ವಾಸಿ, ಸಾಲುಗಳ ಕ್ರಮ ಬದಲಾದರೂ ತಲೆ ಕೆಡಿಸುವುದಿಲ್ಲ. ಹಳೆಯ ಫೈಲ್ ಇಲ್ಲದಿದ್ದರೆ ಹಳೆಯ ಕರ್ನಲ್ ಬೂಟ್ ಮಾಡಿ /ಪ್ರಾಕ್/ಕಾನ್ಫಿಗ್.ಜಿಜೆಡ್ ಇದೆಯಾ ನೋಡಿ. ಡಿಸ್ಟ್ರಿಬ್ಯೂಷನ್ ಕರ್ನಲ್ ಆದರೆ ಸಾಮಾನ್ಯವಾಗಿ /ಬೂಟ್ ಫೋಲ್ಡರಿನಲ್ಲಿ ಒಂದು ಪ್ರತಿ ಇರುತ್ತದೆ.

ಇಲ್ಲಿ ಇನ್ನೊಂದು ಗೊಂದಲವೂ ಆಗುತ್ತದೆ. ಡಾಟ್ ಕಾನ್ಫಿಗ್ ಫೈಲನ್ನು ಎಡಿಟರಿನಲ್ಲಿ ತೆರೆದು ಪಿಸಿಎಂ ಟೈಮರ್ ಸಾಲನ್ನು ‘ಈಸ್ ನಾಟ್ ಸೆಟ್’ ಮಾಡಿರುತ್ತೀರಿ. ಬಿಟ್ಟುಹೋದ ಆಯ್ಕೆಗಳಿಗೆ ಡಿಫಾಲ್ಟ್ ತುಂಬುವ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿದ ಕೂಡಲೇ ಅದು ಮತ್ತೆ ವೈ ಆಗಿ ಕೂತಿರುತ್ತದೆ. ಪಿಸಿಎಂ ಟೈಮರ್, ಎಸ್‌ಎನ್‌ಡಿ ಪ್ರಾಕ್ ಎಫ್‌ಎಸ್ ಎರಡೂ ಮೆನುವಿನಲ್ಲಿ ಕಾಣುವುದು ‘ಎಕ್ಸ್‌ಪರ್ಟ್’ ಆನ್ ಇದ್ದಾಗ ಮಾತ್ರ. ಅದು ಆಫ್ ಇದ್ದರೆ ನಿಮ್ಮ ಮಾತಿಗೆ ಬೆಲೆ ಇಲ್ಲ, ಡಿಫಾಲ್ಟ್ ಆದ ವೈ ನಿಲ್ಲುತ್ತದೆ. ಎಕ್ಸ್‌ಪರ್ಟ್ ಆನ್ ಮಾಡಿದರೆ ಡೀಬಗ್ ಕರ್ನಲ್ ಆಯ್ಕೆಯೂ ತಾನಾಗಿ ಆನ್ ಆಗುತ್ತದೆ, ಅದರ ಕೆಳಗಿನ ಎಷ್ಟೋ ಆಯ್ಕೆಗಳು ಹೊಸದಾಗಿ ಕಾಣಿಸಿಕೊಳ್ಳುತ್ತವೆ. ಒಂದನ್ನು ಉಳಿಸಲು ಹೋಗಿ ನಾಲ್ಕನ್ನು ಸೇರಿಸಿಕೊಳ್ಳಬಾರದು ಅಲ್ವಾ? ಡಿಫ್‌ಕಾನ್ಫಿಗ್ ಮತ್ತೊಮ್ಮೆ ಓಡಿಸಿ.

ಎಕ್ಸ್‌ಪರ್ಟ್ ಆನ್ ಇದ್ದೂ ಬೇರೆ ಯಾವುದೋ ಆಯ್ಕೆ ಹೋಗುತ್ತಿಲ್ಲವೆಂದರೆ ಅದನ್ನು ಇನ್ನೊಂದು ಆಯ್ಕೆ ಸೆಲೆಕ್ಟ್ ಮಾಡುತ್ತಿದೆ. ಉದಾಹರಣೆಗೆ ಯುಎಸ್‌ಬಿ ಆಡಿಯೋ ಇಟ್ಟುಕೊಂಡರೆ ರಾ ಮಿಡಿ, ಎಚ್‌ಡಬ್ಲ್ಯೂಡೆಪ್ ಎರಡೂ ಅದರ ಬೆನ್ನಿಗೇ ಬರುತ್ತವೆ. ನೀವು ಜನ್ಮದಲ್ಲಿ ಮಿಡಿ ಕೀಬೋರ್ಡ್ ಮುಟ್ಟದಿದ್ದರೂ ಅಷ್ಟೇ. ಮೆನುಕಾನ್ಫಿಗ್‌ನಲ್ಲಿ ಸ್ಲ್ಯಾಶ್ ಒತ್ತಿ ಹೆಸರು ಹುಡುಕಿದರೆ ‘ಸೆಲೆಕ್ಟೆಡ್ ಬೈ’ ಅಂತ ಯಾರು ಹಿಡಿದಿದ್ದಾರೆ ಎಂಬುದು ಕಾಣುತ್ತದೆ.

ಬೇರೆ ಲಕ್ಷಣಗಳು

ಮಿಡಿ ಪ್ರೋಗ್ರಾಂ ‘/ಡೆವ್/ಎಸ್‌ಎನ್‌ಡಿ/ಸೀಕ್ ಇಲ್ಲ’ ಅಂದರೆ ಸೀಕ್ವೆನ್ಸರ್ ಹೋಗಿದೆ, ಅಥವಾ ಮಾಡ್ಯೂಲ್ ಲೋಡ್ ಆಗಿಲ್ಲ. ಹಳೆಯ ಪ್ರೋಗ್ರಾಂ /ಡೆವ್/ಡಿಎಸ್‌ಪಿ ಹುಡುಕುತ್ತಿದ್ದರೆ ಓಎಸ್‌ಎಸ್ (ಆಲ್ಸಾಗಿಂತ ಹಿಂದಿನ ಸೌಂಡ್ ವ್ಯವಸ್ಥೆ) ಎಮ್ಯುಲೇಷನ್ ಬೇಕು. ಅದು ಇದ್ದೂ ಓಪನ್ ಆಗದಿದ್ದರೆ, ಅಥವಾ ಓಪನ್ ಆಗಿ ಹಾಡು ತಪ್ಪು ವೇಗದಲ್ಲಿ ಓಡಿದರೆ ‘ಪಿಸಿಎಂ ಓಎಸ್‌ಎಸ್ ಪ್ಲಗಿನ್ಸ್’ ತೆಗೆದಿದ್ದೀರಾ ನೋಡಿ. ರೇಟ್, ಚಾನೆಲ್, ಫಾರ್ಮ್ಯಾಟ್ ಬದಲಾಯಿಸುವ ಕೆಲಸ ಅದರದ್ದು.

ಎಚ್‌ಡಿಎಂಐ ಪೋರ್ಟ್‌ಗಳಲ್ಲಿ ಒಂದೆರಡು ಮಾತ್ರ ಕಾಣೆಯಾದರೆ ‘ಎಸ್‌ಎನ್‌ಡಿ ಡೈನಾಮಿಕ್ ಮೈನರ್ಸ್’ ಕಡೆ ಗಮನ ಕೊಡಿ. ಅದಿಲ್ಲದಿದ್ದರೆ ಸಿಸ್ಟಂಗೆ 8 ಕಾರ್ಡು, ಒಂದು ಕಾರ್ಡಿಗೆ 8 ಪಿಸಿಎಂ ಡಿವೈಸು, ಅಷ್ಟಕ್ಕೇ ಮಿತಿ. ಇಲ್ಲಿ ಮಾತ್ರ ಡಿಮೆಸೇಜ್ ನೆರವಿಗೆ ಬರುತ್ತದೆ. ‘ಟೂ ಮೆನಿ ಎಚ್‌ಡಿಎಂಐ ಡಿವೈಸಸ್’ ಅಂತ ಹೇಳಿ, ಯಾವ ಆಯ್ಕೆ ಆನ್ ಮಾಡಬೇಕು ಅಂತಲೂ ತಾನೇ ಸೂಚಿಸುತ್ತದೆ. ಎಲ್ಲ ಡ್ರೈವರ್‌ಗಳೂ ಇಷ್ಟು ಒಳ್ಳೆಯವಾಗಿದ್ದರೆ ಈ ಕೈಪಿಡಿ ಬೇಕಿರಲಿಲ್ಲ.

ಎಚ್‌ಡಿ ಆಡಿಯೋದಲ್ಲಿ ಕಂಟ್ರೋಲರ್ ಡ್ರೈವರ್ ಬೇರೆ, ಕೋಡೆಕ್ (ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ ಚಿಪ್) ಡ್ರೈವರ್ ಬೇರೆ. ರಿಯಲ್‌ಟೆಕ್ ಕೋಡೆಕ್ ಇರುವ ಲ್ಯಾಪ್‌ಟಾಪಿನಲ್ಲಿ ಅದರ ಡ್ರೈವರ್ ತೆಗೆದು ಜೆನೆರಿಕ್ ಬಿಟ್ಟರೆ ಎಷ್ಟೋ ಸಲ ಸ್ಪೀಕರ್ ನುಡಿಯುತ್ತದೆ, ಹೆಡ್‌ಫೋನ್ ಅಥವಾ ಮೈಕ್ ಕೆಲಸ ಮಾಡುವುದಿಲ್ಲ. ಆ ಮಾಡೆಲ್ಲಿಗೆ ಅಂತ ಬರೆದ ತಿದ್ದುಪಡಿಗಳು ಇರುವುದು ಕೋಡೆಕ್ ಡ್ರೈವರಿನಲ್ಲಿ. ಎಚ್‌ಡಿ ಆಡಿಯೋವನ್ನು ವೈ ಮಾಡಿ ಕೋಡೆಕ್ಕನ್ನು ಮಾತ್ರ ಎಂ ಮಾಡಿದರೂ ತೊಂದರೆ. ಕೋಡೆಕ್ ತಾನಾಗಿ ಲೋಡ್ ಆಗಬೇಕಾದರೆ ವೈ ಮಾಡಿ ಅಂತ ಮೆನುವಿನಲ್ಲೇ ಒಂದು ಸಾಲು ಬರುತ್ತದೆ, ಅದನ್ನು ಓದದೆ ಮುಂದೆ ಹೋಗಬೇಡಿ.

ಯುಎಸ್‌ಬಿ ಹೆಡ್‌ಸೆಟ್ ಎಲ್‌ಎಸ್‌ಯುಎಸ್‌ಬಿ ಕಮಾಂಡಿನ ಪಟ್ಟಿಯಲ್ಲಿ ಕಾಣುತ್ತದೆ, ಕಾರ್ಡ್ಸ್ ಫೈಲಿನಲ್ಲಿ ಕಾಣುವುದಿಲ್ಲ. ಲೋಕಲ್‌ಮಾಡ್‌ಕಾನ್ಫಿಗ್ ಬಳಸಿದ್ದೀರಾ? ಆ ಕ್ಷಣಕ್ಕೆ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಅದು ಉಳಿಸುತ್ತದೆ. ಹೆಡ್‌ಸೆಟ್ ಆಗ ಚುಚ್ಚಿರದಿದ್ದರೆ ಯುಎಸ್‌ಬಿ ಆಡಿಯೋ ಹೋಯಿತು ಅಂತಲೇ ಲೆಕ್ಕ.

ಬೂಟ್ ಆದಾಗ ಸರಿ, ಆಮೇಲೆ ಇಲ್ಲ

ಇದು ಬೇರೆ ತರಹದ ದೋಷ, ಹಿಡಿಯುವುದೂ ಕಷ್ಟ. ಬೂಟ್ ಆದ ಕೂಡಲೇ ಸದ್ದು ಬರುತ್ತದೆ. ಬೋರ್ಡ್ ಕೆಲವು ದಿನ ಓಡಿದ ಮೇಲೆ ಎಪ್ಲೇ ‘ಅನೇಬಲ್ ಟು ಇನ್‌ಸ್ಟಾಲ್ ಎಚ್‌ಡಬ್ಲ್ಯೂ ಪ್ಯಾರಾಮ್ಸ್’ ಅನ್ನುತ್ತದೆ, ಅಥವಾ ‘ಕೆನಾಟ್ ಅಲೊಕೇಟ್ ಮೆಮೊರಿ’. ರೀಬೂಟ್ ಮಾಡಿದರೆ ಮತ್ತೆ ಸರಿ. ಜನ ಹಾರ್ಡ್‌ವೇರ್ ಮೇಲೆ ಅನುಮಾನ ಪಡುತ್ತಾರೆ, ಬೋರ್ಡ್ ಬದಲಾಯಿಸುತ್ತಾರೆ.

ಮೆಮೊರಿ ಉಳಿಸಲು ಡಿಎಂಎ ಬಫರಿನ (ಕಾರ್ಡ್ ನೇರವಾಗಿ ಸದ್ದು ಓದುವ ಮೆಮೊರಿ) ಮುಂಗಡ ಕಾಯ್ದಿರಿಸುವಿಕೆಯನ್ನು, ಅಂದರೆ ಪ್ರೀಅಲಾಕ್ ಅನ್ನು, ಯಾರೋ ಸೊನ್ನೆ ಮಾಡಿರುತ್ತಾರೆ. ಆಗ ಪ್ರೋಗ್ರಾಂ ಕಾರ್ಡನ್ನು ತೆರೆದಾಗಲಷ್ಟೇ ಬಫರ್ ಕೇಳಲಾಗುತ್ತದೆ. ಚದುರಿದ ಪೇಜ್‌ಗಳಿಂದ ಓದಬಲ್ಲ ಹಾರ್ಡ್‌ವೇರ್ ಆದರೆ ಪರವಾಗಿಲ್ಲ. ಸಣ್ಣ ಬೋರ್ಡುಗಳಲ್ಲಿ ಬಹುಪಾಲು ಒಂದೇ ಕಡೆ ಸಾಲಾಗಿರುವ ಮೆಮೊರಿ ಬೇಕು. ದಿನ ಕಳೆದಂತೆ ಮೆಮೊರಿ ಚೂರುಚೂರಾಗುತ್ತದೆ. ಒಟ್ಟು ಖಾಲಿ ಜಾಗ ಬೇಕಾದಷ್ಟಿದ್ದರೂ ಸಾಲಾಗಿ 64 ಕೆಬಿ ಸಿಗುವುದಿಲ್ಲ. ಕಾಲೊನಿಯಲ್ಲಿ ಹತ್ತು ಸೈಟ್ ಖಾಲಿ ಇದ್ದರೂ ಪಕ್ಕಪಕ್ಕದ ಎರಡು ಸಿಗದ ಹಾಗೆ.

ದೋಷ ಕಂಡಾಗಲೇ, ರೀಬೂಟ್ ಮಾಡುವ ಮೊದಲು /ಪ್ರಾಕ್/ಬಡ್ಡಿಇನ್ಫೋ ನೋಡಿ. ಎಡಗಡೆ ದೊಡ್ಡ ಸಂಖ್ಯೆಗಳು, ಬಲಗಡೆ ಸೊನ್ನೆಗಳ ಸಾಲು ಇದ್ದರೆ ಇದೇ ರೋಗ. ಎಡದ ಮೊದಲ ಅಂಕಣ 4 ಕೆಬಿಯ ಒಂಟಿ ಪೇಜ್‌ಗಳದ್ದು, ಬಲಕ್ಕೆ ಹೋದಂತೆ ಒಂದೊಂದು ತುಂಡೂ ಎರಡು ಪಟ್ಟು ದೊಡ್ಡದು. 64 ಕೆಬಿಯ ಅಂಕಣ ಎಡದಿಂದ ಐದನೆಯದು.

ಈಗ ಎಷ್ಟು ಕಾಯ್ದಿರಿಸಲಾಗಿದೆ ಅಂತ ತಿಳಿಯಲು /ಪ್ರಾಕ್/ಎಸೌಂಡ್/ಕಾರ್ಡ್0/ಪಿಸಿಎಂ0ಪಿ/ಸಬ್0/ಪ್ರೀಅಲಾಕ್ ಓದಿ. ಸಂಖ್ಯೆ ಕೆಬಿಯಲ್ಲಿರುತ್ತದೆ. ಆ ಫೈಲಿಗೆ ಸಂಖ್ಯೆ ಬರೆದರೆ ಕರ್ನಲ್ ಮತ್ತೆ ಕಟ್ಟದೆಯೂ ಬದಲಾಯಿಸಬಹುದು, ಆ ಸ್ಟ್ರೀಮ್ ಮುಚ್ಚಿರಬೇಕು ಅಷ್ಟೇ. ಬೂಟ್ ಸ್ಕ್ರಿಪ್ಟಿನ ಆರಂಭದಲ್ಲೇ, ಮೆಮೊರಿ ಇನ್ನೂ ಚೂರಾಗುವ ಮೊದಲು, ಬರೆದುಬಿಡಿ.

ಎಷ್ಟು ಬರೆಯಬೇಕು? 48000 ಹರ್ಟ್ಸ್, 16 ಬಿಟ್, ಸ್ಟೀರಿಯೋ ಅಂದರೆ ಸೆಕೆಂಡಿಗೆ 192000 ಬೈಟ್. 64 ಕೆಬಿ ಬಫರಿನಲ್ಲಿ ಸುಮಾರು 0.34 ಸೆಕೆಂಡಿನ ಸದ್ದು ಹಿಡಿಯುತ್ತದೆ. ಘೋಷಣೆ, ಅಲಾರಂ ಅಂಥ ಕೆಲಸಕ್ಕೆ ಇದು ಧಾರಾಳ. ಇದೇ ಜಾಗದಲ್ಲಿ ‘ಎಚ್‌ಡಿಎ ಪ್ರೀಅಲಾಕ್ ಸೈಜ್’ ಅನ್ನು 2048 ಮಾಡಿಟ್ಟಿರುವ ಕಾನ್ಫಿಗ್‌ಗಳು ಬೇಕಾದಷ್ಟಿವೆ. ಪಲ್ಸ್‌ಆಡಿಯೋಗೆ ದೊಡ್ಡ ಬಫರ್ ಒಳ್ಳೆಯದು ಅಂತ ಹೆಲ್ಪಿನಲ್ಲಿ ಇದ್ದದ್ದೇ ಕಾರಣ. ಪ್ಲೇಬ್ಯಾಕಿಗೊಂದು, ಕ್ಯಾಪ್ಚರಿಗೊಂದು ಅಂದರೂ 4 ಎಂಬಿ ಹೋಯಿತು. ಪಿಸಿಎಂ ಟೈಮರ್ ತೆಗೆದು ಉಳಿಸುವ 20 ಕೆಬಿಯ ಇನ್ನೂರು ಪಟ್ಟು! ಮೆಮೊರಿ ಉಳಿಸಲು ಹೊರಟವರು ಮೊದಲು ನೋಡಬೇಕಾದದ್ದು ಇಲ್ಲಿ.

ನಿಜಕ್ಕೂ ಉಳಿಯಿತಾ?

ದೋಷ ಸಿಕ್ಕಿ ಆಯ್ಕೆಯನ್ನು ವಾಪಸ್ ಹಾಕುವ ಮೊದಲು, ತೆಗೆದದ್ದರಿಂದ ಎಷ್ಟು ಲಾಭ ಆಗಿತ್ತು ಅಂತ ಅಳೆಯಿರಿ. ಎರಡು ವಿಎಂಲಿನಕ್ಸ್ ಫೈಲುಗಳನ್ನು (ಕಟ್ಟಿ ಮುಗಿದ ಕರ್ನಲ್‌ಗಳು) ಸ್ಕ್ರಿಪ್ಟ್ಸ್ ಫೋಲ್ಡರಿನ ಬ್ಲೋಟ್-ಓ-ಮೀಟರ್‌ಗೆ ಕೊಟ್ಟರೆ ಫಂಕ್ಷನ್ ಫಂಕ್ಷನ್ನಿಗೂ ಎಷ್ಟು ಬೈಟ್ ಹೋಯಿತು, ಎಷ್ಟು ಬಂತು ಅಂತ ತೋರಿಸುತ್ತದೆ. ಡಿಮೆಸೇಜಿನ ಶುರುವಿನಲ್ಲಿ ‘ಮೆಮೊರಿ:’ ಅಂತ ಒಂದು ಸಾಲು ಬರುತ್ತದೆ. ಕರ್ನಲ್ ಕೋಡ್ ಎಷ್ಟು, ಡೇಟಾ ಎಷ್ಟು ಅಂತ ಅದರಲ್ಲೇ ಇದೆ. ಸೌಂಡ್ ಅನ್ನು ಮಾಡ್ಯೂಲ್ ಆಗಿ ಕಟ್ಟಿದ್ದರೆ ಒಂದು ಸೂಕ್ಷ್ಮ ನೆನಪಿರಲಿ. ಮಾಡ್ಯೂಲಿನ ಭಾಗಗಳು ಪೇಜ್ ಲೆಕ್ಕದಲ್ಲಿ ಜಾಗ ಹಿಡಿಯುತ್ತವೆ. ಒಂದು ಕೆಬಿ ಕೋಡ್ ತೆಗೆದರೂ ಪೇಜ್ ಸಂಖ್ಯೆ ಅಷ್ಟೇ ಇದ್ದರೆ ಉಳಿದದ್ದು ಸೊನ್ನೆ. ಸುಮ್ನೆ ಒಂದು ತಲೆನೋವು ಸಂಪಾದಿಸಿದ ಹಾಗೆ.

ನನ್ನ ಕ್ರಮ ಹೀಗೆ. ಮೊದಲು ಎಸ್‌ಎನ್‌ಡಿ ಡೀಬಗ್, ನಿಮ್ಮ ಕರ್ನಲ್‌ನಲ್ಲಿ ಇನ್ನೂ ಇದ್ದರೆ ವರ್ಬೋಸ್ ಪ್ರಿಂಟ್‌ಕೆ ಹೋಗಲಿ. ಆಮೇಲೆ ಓಎಸ್‌ಎಸ್, ಬೋರ್ಡಿನಲ್ಲಿಲ್ಲದ ಕೋಡೆಕ್‌ಗಳು, ಮಿಡಿ ಇಲ್ಲದಿದ್ದರೆ ಸೀಕ್ವೆನ್ಸರ್. ಸಪೋರ್ಟ್ ಓಲ್ಡ್ ಎಪಿಐ ಇರುವುದು 0.9.0 ಆರ್‌ಸಿ3 ಕಾಲದ ಪ್ರೋಗ್ರಾಂಗಳಿಗೆ, ಅದೂ ಹೋಗಬಹುದು. ಬಫರ್ ಅಳತೆಯನ್ನು ಕೆಲಸಕ್ಕೆ ತಕ್ಕಂತೆ ಇಳಿಸಿ. ಪಿಸಿಎಂ ಟೈಮರನ್ನು ಡಿಮಿಕ್ಸ್ ಇಲ್ಲ ಅಂತ ಖಾತ್ರಿಯಾದ ಮೇಲೆ ಮುಟ್ಟಿ.

ಎಸ್‌ಎನ್‌ಡಿ ಪ್ರಾಕ್ ಎಫ್‌ಎಸ್ ಮಾತ್ರ ಕಟ್ಟಕಡೆಗೆ. ಅದನ್ನು ತೆಗೆದರೆ ಎಕ್ಸ್86-64ರಲ್ಲಿ ಉಳಿಯುವುದು ಸುಮಾರು 9 ಕೆಬಿ. ಹೋಗುವುದು /ಪ್ರಾಕ್/ಎಸೌಂಡ್ ಇಡೀ ಫೋಲ್ಡರ್. ಇಲ್ಲಿ ಹೇಳಿದ ಕಾರ್ಡ್ಸ್, ಟೈಮರ್ಸ್, ಪ್ರೀಅಲಾಕ್ ಯಾವುದೂ ಆಮೇಲೆ ಇರುವುದಿಲ್ಲ. ವರ್ಬೋಸ್ ಪ್ರಾಕ್ ಎಫ್‌ಎಸ್ ಒಂದನ್ನೇ ತೆಗೆದರೆ ಕಾರ್ಡ್ಸ್, ಟೈಮರ್ಸ್ ಉಳಿಯುತ್ತವೆ. ಪ್ರೀಅಲಾಕ್, ಎಚ್‌ಡಬ್ಲ್ಯೂ ಪ್ಯಾರಾಮ್ಸ್, ಸ್ಟೇಟಸ್ ಫೈಲುಗಳು ಹೋಗುತ್ತವೆ, ಅಂಡರ್‌ರನ್ (ನುಡಿಯುವಾಗ ಬಫರ್ ಬರಿದಾಗುವುದು) ಹುಡುಕಲು ಬೇಕಾದ ಎಕ್ಸ್‌ರನ್ ಡೀಬಗ್ ಕೂಡ.

ಕರ್ನಲ್‌ನ ಜೊತೆಗೇ ಅದರ ಕಾನ್ಫಿಗ್ ಇಡುವ ಐಕೆ ಕಾನ್ಫಿಗ್ ವಿಷಯದಲ್ಲಿ ಮಾತ್ರ ಮೆಮೊರಿ ಚಿಂತೆ ಬೇಡ. ಅದನ್ನು ಎಂ ಮಾಡಿ, ಅದರ ಪ್ರಾಕ್ ಆಯ್ಕೆಯನ್ನೂ ಆನ್ ಇಡಿ. ‘ಕಾನ್ಫಿಗ್ಸ್’ ಅನ್ನುವ ಮಾಡ್ಯೂಲ್ ಡಿಸ್ಕಿನಲ್ಲಿ ತೆಪ್ಪಗೆ ಬಿದ್ದಿರುತ್ತದೆ. ತೊಂದರೆ ಬಂದ ದಿನ ಮಾಡ್‌ಪ್ರೋಬ್ ಮಾಡಿ, /ಪ್ರಾಕ್/ಕಾನ್ಫಿಗ್.ಜಿಜೆಡ್ ಓದಿ, ಮತ್ತೆ ಇಳಿಸಿಬಿಡಿ.